ಕಾಯೋದನ್ನು ಲೈಬ್ರರಿಗೆ ಬಿಡಿ, ಬೈಟ್‌ಗಳನ್ನು ನೀವು ನೋಡಿಕೊಳ್ಳಿ

ಅಸಿಂಕ್ರೊನಸ್ ಆಗಿ, ಅಂದರೆ ಒಂದಕ್ಕೆ ಕಾಯುವಾಗ ಬೇರೆ ಕೆಲಸ ನಡೆಯುವ ಹಾಗೆ, ನೆಟ್‌ವರ್ಕ್ ಪ್ರೋಗ್ರಾಮ್ ಬರೆಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನವು ಪೈಥಾನ್‌ನ ಅಸಿಂಕ್‌ಐಓ ಲೈಬ್ರರಿಗೆ ಸೇರಿದವು, ಒಂದು ಸಿ ಪ್ಲಸ್ ಪ್ಲಸ್‌ನ ಏಸಿಯೋ ಬಗ್ಗೆ. ಎಲ್ಲ ಪತ್ರಗಳನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಲೈಬ್ರರಿಯ ಫಂಕ್ಷನ್‌ಗಳನ್ನು ಕರೆಯೋದು ನಿಮಗೆಲ್ಲ ಬಂದಿದೆ. ಅದರ ಕೆಲಸ ಎಲ್ಲಿಗೆ ಮುಗಿಯುತ್ತದೆ, ನಮ್ಮದು ಎಲ್ಲಿಂದ ಶುರುವಾಗುತ್ತದೆ ಅನ್ನೋ ಜಾಗದಲ್ಲೇ ಬಹುತೇಕರು ಸಿಕ್ಕಿಹಾಕಿಕೊಂಡಿದ್ದೀರಿ. ಅದಕ್ಕೇ ಉತ್ತರಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗೆ ಚಾಟ್ ಸರ್ವರ್ ಬರೆದಿದ್ದೇನೆ. ಪ್ರತಿ ಕ್ಲೈಂಟ್‌ಗೆ ಒಂದು ಥ್ರೆಡ್. ಚೆನ್ನಾಗೇ ಓಡುತ್ತಿದೆ. ಸೀನಿಯರ್ ಒಬ್ಬರು "ಅಸಿಂಕ್ ಮಾಡು, ಫಾಸ್ಟ್ ಆಗುತ್ತೆ" ಅಂತಾರೆ. ನಿಜವಾಗ್ಲೂ ಫಾಸ್ಟ್ ಆಗುತ್ತಾ ಸರ್?

ಉತ್ತರ: ಒಬ್ಬ ಬಳಕೆದಾರನ ಲೆಕ್ಕದಲ್ಲಿ ಆಗಲ್ಲ. ಅವನ ಮೆಸೇಜು ಹೋಗಿ ಬರಲು ಮೊದಲು ಎಷ್ಟು ಹೊತ್ತು ಬೇಕಿತ್ತೋ ಈಗಲೂ ಸುಮಾರು ಅಷ್ಟೇ ಬೇಕು. ಬದಲಾಗೋದು ಒಂದೇ ಕಂಪ್ಯೂಟರು ಒಟ್ಟಿಗೆ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಅನ್ನೋದು.

ನಿಮ್ಮ ಸರ್ವರು ದಿನವೆಲ್ಲ ಏನು ಮಾಡುತ್ತಿದೆ ನೋಡಿ. ಮುಕ್ಕಾಲು ಪಾಲು ಹೊತ್ತು ಸುಮ್ನೆ ಕಾಯುತ್ತಿರುತ್ತದೆ. ಯಾರಾದರೂ ಏನಾದರೂ ಟೈಪ್ ಮಾಡಲಿ ಅಂತ. ಥ್ರೆಡ್ ಅಂದರೆ ಪ್ರೋಗ್ರಾಮಿನೊಳಗೆ ಪ್ರತ್ಯೇಕವಾಗಿ ಓಡುವ ಒಂದು ಎಳೆ. ಥ್ರೆಡ್ ಪದ್ಧತಿಯಲ್ಲಿ ಹೀಗೆ ಕಾಯೋದಕ್ಕೇ ಒಬ್ಬೊಬ್ಬ ಕ್ಲೈಂಟ್‌ಗೆ ಒಂದೊಂದು ಥ್ರೆಡ್ ಇಟ್ಟಿರುತ್ತೀರಿ. ಪ್ರತಿ ಥ್ರೆಡ್‌ಗೂ ತನ್ನದೇ ಸ್ಟ್ಯಾಕ್, ಅಂದರೆ ಕೆಲಸದ ಮೆಮೊರಿ, ಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ ವಿಳಾಸ ಜಾಗ ಮೀಸಲಾಗುತ್ತದೆ, ಅಷ್ಟೂ ರ‍್ಯಾಮ್ ಖರ್ಚಾಗಲ್ಲ ಅನ್ನೋದು ಬೇರೆ ಮಾತು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಹೊರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮೇಲೆ ಬೀಳುತ್ತದೆ. ನೂರು ಥ್ರೆಡ್‌ಗೆ ಇದೆಲ್ಲ ಲೆಕ್ಕಕ್ಕೇ ಬರಲ್ಲ. ಹತ್ತು ಸಾವಿರಕ್ಕೆ ಬರುತ್ತದೆ. 1999ರಲ್ಲಿ ಡ್ಯಾನ್ ಕೆಗೆಲ್ ಅನ್ನುವವರು ಈ ತೊಂದರೆಗೆ ಸಿ10ಕೆ ಅಂತ ಹೆಸರಿಟ್ಟು ಬರೆದರು, ಅಂದರೆ ಒಂದೇ ಸರ್ವರಿಗೆ ಹತ್ತು ಸಾವಿರ ಕ್ಲೈಂಟ್.

ಎಷ್ಟೋ ಸಾಕೆಟ್‌ಗಳನ್ನು, ಅಂದರೆ ಕನೆಕ್ಷನ್‌ಗಳ ತುದಿಗಳನ್ನು, ಒಂದೇ ಥ್ರೆಡ್ ನೋಡಿಕೊಳ್ಳೋದು ಆಗಲೇ ಹಳೆಯ ಉಪಾಯ. ಸೆಲೆಕ್ಟ್ ಅನ್ನುವ ಸಿಸ್ಟಂ ಕಾಲ್ 1983ರ ಬಿಎಸ್‌ಡಿ ಯುನಿಕ್ಸ್‌ನಲ್ಲೇ ಇತ್ತು. ಆದರೆ ಅದಕ್ಕೆ ಪ್ರತಿ ಸಲವೂ ಪೂರ್ತಿ ಪಟ್ಟಿ ಕೊಡಬೇಕು, ಪ್ರತಿ ಸಲವೂ ಕರ್ನಲ್ ಆ ಪಟ್ಟಿಯನ್ನೆಲ್ಲ ಹುಡುಕಬೇಕು, ಮೇಲಾಗಿ ಲಿನಕ್ಸ್‌ನಲ್ಲಿ 1024ರ ಮಿತಿ ಬೇರೆ. ಆಮೇಲೆ 2000ದಲ್ಲಿ ಫ್ರೀಬಿಎಸ್‌ಡಿಗೆ ಕೆಕ್ಯೂ ಬಂತು, 2002ರಲ್ಲಿ ಲಿನಕ್ಸ್‌ಗೆ ಈಪೋಲ್ ಬಂತು. ಇವಕ್ಕೆ ಪಟ್ಟಿ ಒಮ್ಮೆ ಕೊಟ್ಟರೆ ಸಾಕು. "ಯಾವುದು ರೆಡಿ ಇದೆ" ಅಂತ ಕೇಳಿದರೆ ರೆಡಿ ಇರೋದನ್ನಷ್ಟೇ ಹೇಳುತ್ತವೆ. ಇವತ್ತಿನ ಅಸಿಂಕ್ ಲೈಬ್ರರಿಗಳ ಅಡಿಯಲ್ಲಿ ಇಂಥದ್ದೇ ಯಾವುದೋ ಒಂದು ಕೂತಿರುತ್ತದೆ.

ಈವೆಂಟ್ ಲೂಪ್ ಅಂದರೆ ಈ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವ ಒಂದು ಲೂಪ್. ನಿಮ್ಮ ಕೋಡ್‌ನಲ್ಲಿ ಅವೇಟ್ ಅಂತ ಬರೆದ ಜಾಗದಲ್ಲಿ, ಉತ್ತರ ಇನ್ನೂ ಸಿಕ್ಕಿಲ್ಲದಿದ್ದರೆ, ನೀವು ಸರದಿ ಬಿಟ್ಟುಕೊಡುತ್ತೀರಿ. ಡೇಟಾ ಬಂದಾಗ ಲೂಪ್ ನಿಮ್ಮನ್ನು ಅಲ್ಲಿಂದಲೇ ಮುಂದುವರಿಸುತ್ತದೆ. ಎರಡು ಅವೇಟ್‌ಗಳ ನಡುವೆ ಆ ಲೂಪಿನ ಬೇರೆ ಯಾವ ಟಾಸ್ಕೂ, ಅಂದರೆ ಲೂಪ್ ಸರದಿಯಲ್ಲಿ ಓಡಿಸುವ ಬೇರೆ ಯಾವ ಕೆಲಸವೂ, ನಿಮ್ಮ ಮಧ್ಯೆ ಬರಲ್ಲ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಇದೇ. ಲಾಕ್‌ಗಳ ತಲೆನೋವು ಎಷ್ಟೋ ಕಡಿಮೆಯಾಗುತ್ತದೆ, ಕೋಡ್ ಓದುವಾಗ ಎಲ್ಲೆಲ್ಲಿ ಸ್ಥಿತಿ ಬದಲಾಗಬಹುದು ಅಂತ ಕಣ್ಣಿಗೇ ಕಾಣುತ್ತದೆ.

ನಿಮ್ಮ ಪ್ರಾಜೆಕ್ಟ್‌ಗೆ ಐವತ್ತು ಜನ ಬರುವುದಾದರೆ ಥ್ರೆಡ್‌ಗಳೇ ಇರಲಿ ಬಿಡಿ. ಕಲಿಯುವ ಆಸೆಗೆ ಮಾಡುವುದಾದರೆ ಖಂಡಿತ ಮಾಡಿ.

ಪ್ರಶ್ನೆ: ಅಸಿಂಕ್‌ಐಓದಲ್ಲಿ ಸರ್ವರ್, ಕ್ಲೈಂಟ್ ಎರಡೂ ಬರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿತ್ತು. ಬೇರೆ ಕಂಪ್ಯೂಟರ್‌ನಿಂದ ಕನೆಕ್ಟ್ ಮಾಡಿದಾಗ ಕೆಲವು ಸಲ ಎರಡು ಮೆಸೇಜ್ ಅಂಟಿಕೊಂಡು ಬರುತ್ತವೆ, ಕೆಲವು ಸಲ ಅರ್ಧ ಬರುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದರೆ ಯೂನಿಕೋಡ್ ಡಿಕೋಡ್ ಎರರ್ ಬೇರೆ. ಮೊದಲು 4 ಬೈಟ್‌ನಲ್ಲಿ ಉದ್ದ ಕಳಿಸಿ ನೋಡಿದೆ, ಇಂಗ್ಲಿಷಿಗೆ ಸರಿಹೋಯಿತು, ಕನ್ನಡಕ್ಕೆ ಇನ್ನೂ ಕೆಟ್ಟಿತು. ಲೈಬ್ರರಿಯಲ್ಲೇ ಬಗ್ ಇದೆಯಾ?

ಉತ್ತರ: ಲೈಬ್ರರಿ ಸರಿಯಾಗೇ ಇದೆ. ನಿಮ್ಮ ಪತ್ರದಲ್ಲಿ ಬೇರೆ ಬೇರೆ ತಪ್ಪುಗಳು ಒಂದರ ಮೇಲೊಂದು ಕೂತಿವೆ, ಒಂದೊಂದಾಗಿ ಬಿಡಿಸೋಣ.

ಮೊದಲನೆಯದು, ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವ ಟಿಸಿಪಿ ಪ್ರೋಟೋಕಾಲ್‌ಗೆ ಮೆಸೇಜ್ ಅಂದರೇನು ಅಂತಲೇ ಗೊತ್ತಿಲ್ಲ. ಮೇಲಿನ ಟ್ಯಾಂಕಿಗೆ ಎರಡು ಕೊಡ ನೀರು ಸುರಿದರೆ ಕೆಳಗೆ ನಲ್ಲಿಯಲ್ಲಿ ಎರಡು ಕೊಡ ಬರಲ್ಲ, ನೀರು ಬರುತ್ತದೆ, ಅಲ್ವಾ? ಟಿಸಿಪಿಯೂ ಹಾಗೇ. ನೀವು ಎರಡು ಸಲ ರೈಟ್ ಮಾಡಿದ್ದು ಆ ಕಡೆ ಒಂದೇ ರೀಡ್‌ನಲ್ಲಿ ಬರಬಹುದು, ಐದು ರೀಡ್‌ನಲ್ಲೂ ಬರಬಹುದು. ಬೈಟ್‌ಗಳ ಕ್ರಮ ಮಾತ್ರ ತಪ್ಪಲ್ಲ. ಅಷ್ಟೇ ಅದು ಕೊಡುವ ಮಾತು.

ಲ್ಯಾಪ್‌ಟಾಪ್‌ನಲ್ಲಿ ಯಾಕೆ ಸರಿಯಿತ್ತು ಅಂದರೆ, ಲಿನಕ್ಸ್‌ನ ಲೂಪ್‌ಬ್ಯಾಕ್‌ನಲ್ಲಿ, ಅಂದರೆ ಮೆಷಿನ್ ತನಗೆ ತಾನೇ ಮಾಡಿಕೊಳ್ಳುವ ಸಂಪರ್ಕದಲ್ಲಿ, ಒಂದು ಪ್ಯಾಕೆಟ್ 65,536 ಬೈಟ್‌ವರೆಗೆ ಇರಬಹುದು. ಈಥರ್‌ನೆಟ್‌ನಲ್ಲಿ ಸಾಮಾನ್ಯವಾಗಿ 1500, ಅದರಲ್ಲಿ ಹೆಡರ್‌ಗಳು ಕಳೆದು ನಿಮಗೆ ಸಿಗೋದು ಸುಮಾರು 1460. ಒಂದೇ ಮೆಷಿನ್‌ನಲ್ಲಿ ಇಡಿಯಾಗಿ ಬಂದ ಮೆಸೇಜು ನಿಜವಾದ ನೆಟ್‌ವರ್ಕ್‌ನಲ್ಲಿ ತುಂಡಾಗುತ್ತದೆ. ಸಣ್ಣ ಮೆಸೇಜೂ ತುಂಡಾಗಬಹುದು, ಅಂಟಿಕೊಳ್ಳಬಹುದು. ಲೋಕಲ್‌ನಲ್ಲಿ ಓಡಿತು ಅನ್ನೋದನ್ನು ಈ ವಿಷಯದಲ್ಲಿ ಯಾವತ್ತೂ ನಂಬಬೇಡಿ.

ಹಾಗಾಗಿ ಮೆಸೇಜಿನ ಗಡಿ ನೀವೇ ಹಾಕಬೇಕು. ದಾರಿ ಎರಡು. ಸಾಲಿನ ಕೊನೆಗೆ ನ್ಯೂಲೈನ್ ಹಾಕಿ ಆ ಕಡೆ ರೀಡ್‌ಲೈನ್ ಬಳಸೋದು ಒಂದು, ಮೆಸೇಜಿನ ಒಳಗೆ ನ್ಯೂಲೈನ್ ಬರದಿದ್ದರೆ ಇದು ಸಾಕು. ಇನ್ನೊಂದು ನೀವು ಮಾಡಿದ ಹಾಗೆ ಮುಂಚೆ ಉದ್ದ ಕಳಿಸೋದು. ಯೋಚನೆ ಸರಿಯಾಗಿದೆ. ಎಡವಿದ್ದು ಉದ್ದ ಅಳೆದ ರೀತಿಯಲ್ಲಿ.

"ನಮಸ್ಕಾರ" ಅನ್ನೋ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ 4 ಅಕ್ಷರ. ಪೈಥಾನ್‌ನ ಲೆನ್ ಕೇಳಿದರೆ 7 ಅನ್ನುತ್ತದೆ, ಯಾಕೆಂದರೆ ನ, ಮ, ಸ, ವಿರಾಮ, ಕ, ಆ-ಕಾರದ ಚಿಹ್ನೆ, ರ ಇವೆಲ್ಲ ಯೂನಿಕೋಡ್‌ನಲ್ಲಿ ಬೇರೆ ಬೇರೆ. ಇದನ್ನು ಯುಟಿಎಫ್-8ಗೆ ಎನ್‌ಕೋಡ್ ಮಾಡಿದರೆ ಒಂದೊಂದಕ್ಕೂ 3 ಬೈಟ್, ಒಟ್ಟು 21. ನೀವು ಸ್ಟ್ರಿಂಗಿನ ಉದ್ದ ತೆಗೆದುಕೊಂಡು 7 ಅಂತ ಕಳಿಸುತ್ತಿದ್ದೀರಿ. ಆ ಕಡೆಯವನು 7 ಬೈಟ್ ಓದಿದ. ಅದರಲ್ಲಿ "ನ", "ಮ" ಪೂರ್ತಿ ಬಂದವು, "ಸ"ದ ಮೂರು ಬೈಟ್‌ಗಳಲ್ಲಿ ಒಂದು ಬಂತು. ಡಿಕೋಡ್ ಎರರ್ ಬಂದಿದ್ದು ಅಲ್ಲಿ. ಉಳಿದ 14 ಬೈಟ್‌ಗಳು ಸಾಲಿನಲ್ಲೇ ಇದ್ದಾವೆ. ಅವುಗಳಲ್ಲಿ ಮೊದಲ 4ನ್ನು ಮುಂದಿನ ಮೆಸೇಜಿನ ಉದ್ದ ಅಂತ ಅವನು ಓದುತ್ತಾನೆ, ಕೋಟಿಗಟ್ಟಲೆ ಬೈಟ್ ಬರಬೇಕು ಅಂತ ಲೆಕ್ಕ ಹಾಕಿ ಕಾಯುತ್ತಾ ಕೂರುತ್ತಾನೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ತಪ್ಪು ಮುಚ್ಚಿಹೋಗಿತ್ತು, ಅಷ್ಟೇ. ಮೊದಲು ಎನ್‌ಕೋಡ್ ಮಾಡಿ, ಬಂದ ಬೈಟ್‌ಗಳ ಉದ್ದ ಅಳೆಯಿರಿ. ಆಗ ಮುಂಚೆ ಕಳಿಸುವ 4 ಬೈಟಿನ ಹೆಡರ್ 0, 0, 0, 21 ಆಗುತ್ತದೆ. 300 ಬೈಟಿನ ಮೆಸೇಜಾದರೆ 0, 0, 1, 44, ಅಂದರೆ 256 ಕೂಡಿಸು 44. ದೊಡ್ಡ ಬೈಟ್ ಮೊದಲು ಅನ್ನುವ ಈ ಕ್ರಮವನ್ನು ಎರಡೂ ಕಡೆ ಒಂದೇ ಥರ ಇಟ್ಟುಕೊಳ್ಳಿ.

ಓದುವ ಕಡೆ ಬರೀ ರೀಡ್ ಬಳಸಬೇಡಿ. 4 ಬೇಕು ಅಂತ ಕೇಳಿದರೆ ಅದು 2 ಕೊಟ್ಟು ಸುಮ್ಮನಾಗಬಹುದು, ಅದರ ಅರ್ಥವೇ "ಹೆಚ್ಚೆಂದರೆ ಇಷ್ಟು" ಅಂತ. ರೀಡ್‌ಎಕ್ಸಾಕ್ಟ್‌ಲಿ ಬಳಸಿ, ಕೇಳಿದಷ್ಟೂ ಸೇರುವ ತನಕ ಅದು ಕಾಯುತ್ತದೆ, ನಡುವೆ ಕನೆಕ್ಷನ್ ಮುಚ್ಚಿದರೆ ಇನ್‌ಕಂಪ್ಲೀಟ್ ರೀಡ್ ಎರರ್ ಕೊಡುತ್ತದೆ. 4 ಬೈಟ್ ಓದಿ, ಉದ್ದ ತಿಳಿದುಕೊಳ್ಳಿ, ಅಷ್ಟು ಬೈಟ್ ಓದಿ, ಪೂರ್ತಿ ಕೈಗೆ ಬಂದ ಮೇಲೆ ಡಿಕೋಡ್ ಮಾಡಿ. ಈ ಕ್ರಮದಲ್ಲಿ ಅಕ್ಷರ ನಡುವೆ ಮುರಿಯುವ ಪ್ರಶ್ನೆಯೇ ಬರಲ್ಲ.

ಉದ್ದಕ್ಕೆ ಒಂದು ಮೇಲ್ಮಿತಿಯನ್ನು ಮಾತ್ರ ಮರೆಯದೆ ಇಡಿ. 4 ಬೈಟ್‌ನಲ್ಲಿ ನಾಲ್ಕು ಜಿಬಿ ತನಕ ಬರೆಯಬಹುದು. ಯಾರೋ ಬೇಕಂತಲೇ ದೊಡ್ಡ ಸಂಖ್ಯೆ ಕಳಿಸಿ, ಬೈಟ್‌ಗಳನ್ನು ಸುರಿಯುತ್ತಾ ಹೋದರೆ ನಿಮ್ಮ ಸರ್ವರಿನ ಮೆಮೊರಿ ಅವನ ಕೈಯಲ್ಲಿರುತ್ತದೆ. ಚಾಟ್‌ಗೆ 64 ಕೆಬಿ ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಅಂದವನ ಕನೆಕ್ಷನ್ ಮುಚ್ಚಿಬಿಡಿ. ರೀಡ್‌ಲೈನ್‌ಗೆ ಅಸಿಂಕ್‌ಐಓ ತಾನೇ 64 ಕೆಬಿ ಮಿತಿ ಇಟ್ಟಿದೆ, ರೀಡ್‌ಎಕ್ಸಾಕ್ಟ್‌ಲಿಗೆ ಆ ಮಿತಿ ಅನ್ವಯಿಸಲ್ಲ.

ಪ್ರಶ್ನೆ: ಒಬ್ಬ ಬಳಕೆದಾರ ರಿಪೋರ್ಟ್ ಬಟನ್ ಒತ್ತಿದರೆ ಉಳಿದ ಎಲ್ಲರ ಸ್ಕ್ರೀನೂ ಆರೇಳು ಸೆಕೆಂಡು ಗಪ್‌ಚುಪ್. ಫಂಕ್ಷನ್‌ಗಳಿಗೆಲ್ಲ ಅಸಿಂಕ್ ಅಂತ ಹಾಕಿದ್ದೇನೆ. ಆದರೂ ಹೀಗ್ಯಾಕೆ?

ಉತ್ತರ: ಅಸಿಂಕ್ ಅಂತ ಮುಂದೆ ಬರೆದ ಮಾತ್ರಕ್ಕೆ ಒಳಗಿನ ಕೆಲಸ ಅಸಿಂಕ್ ಆಗಿಬಿಡಲ್ಲ. ಮೇಲೆ ಹೇಳಿದೆನಲ್ಲ, ಎರಡು ಅವೇಟ್‌ಗಳ ನಡುವೆ ಬೇರೆ ಟಾಸ್ಕ್ ಬರಲ್ಲ ಅಂತ. ಅದರ ಇನ್ನೊಂದು ಮುಖ ಇದು. ನಿಮ್ಮ ರಿಪೋರ್ಟ್ ಫಂಕ್ಷನ್ ಸರದಿ ಬಿಟ್ಟುಕೊಡುತ್ತಿಲ್ಲ, ಲೂಪ್ ಅಲ್ಲೇ ನಿಂತಿದೆ, ಉಳಿದವರೆಲ್ಲ ಅದರ ಹಿಂದೆ.

ಮೊದಲು ಅಪರಾಧಿ ಯಾರು ಅಂತ ಹಿಡಿಯಿರಿ. ಅಸಿಂಕ್‌ಐಓದ ಡಿಬಗ್ ಮೋಡ್ ಆನ್ ಮಾಡಿ ಓಡಿಸಿದರೆ, 100 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಲೂಪನ್ನು ಹಿಡಿದಿಟ್ಟ ಪ್ರತಿ ಟಾಸ್ಕಿನ ಹೆಸರನ್ನೂ ಲಾಗ್‌ನಲ್ಲಿ ಬರೆಯುತ್ತದೆ. ರನ್ ಕರೆಯುವಾಗ ಡಿಬಗ್ ಟ್ರೂ ಅಂತ ಕೊಟ್ಟರೆ ಆಯಿತು. ಇಷ್ಟು ಉಪಯೋಗದ ಸೌಲಭ್ಯವನ್ನು ಎಷ್ಟೋ ಜನ ಒಮ್ಮೆಯೂ ಬಳಸಿರಲ್ಲ ಅನ್ನೋದು ನನಗೆ ಬೇಜಾರು.

ಸಾಮಾನ್ಯವಾಗಿ ಸಿಕ್ಕಿಬೀಳುವವರು ಇವರು: ಟೈಮ್ ಮಾಡ್ಯೂಲಿನ ಸ್ಲೀಪ್, ರಿಕ್ವೆಸ್ಟ್ಸ್ ಲೈಬ್ರರಿಯಿಂದ ವೆಬ್ ಕರೆ, ಅಸಿಂಕ್ ಅಲ್ಲದ ಡೇಟಾಬೇಸ್ ಡ್ರೈವರ್, ದೊಡ್ಡ ಫೈಲ್ ಓದುವುದು, ಮತ್ತೆ ಶುದ್ಧ ಲೆಕ್ಕಾಚಾರ. ಸ್ಲೀಪ್‌ಗೆ ಅಸಿಂಕ್‌ಐಓದ್ದೇ ಸ್ಲೀಪ್ ಇದೆ. ವೆಬ್ ಕರೆಗೆ ಏಐಓಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಕ್ಸ್ ಹಾಕಿ. ಬದಲಿ ಸಿಗದ ಕರೆಯನ್ನು ಪೈಥಾನ್ 3.9ರಿಂದ ಇರುವ ಟು-ಥ್ರೆಡ್ ಮೂಲಕ ಪಕ್ಕದ ಥ್ರೆಡ್‌ಗೆ ತಳ್ಳಿ ಅದನ್ನು ಅವೇಟ್ ಮಾಡಿ. ಅಸಿಂಕ್‌ಐಓ ಕೂಡ ಹೆಸರಿನಿಂದ ಐಪಿ ವಿಳಾಸ ಹುಡುಕೋ ಕೆಲಸವನ್ನು ಹೀಗೇ ಥ್ರೆಡ್‌ಗೆ ಕೊಟ್ಟು ಮಾಡಿಸುತ್ತದೆ.

ನಿಮ್ಮ ರಿಪೋರ್ಟು ಶುದ್ಧ ಪೈಥಾನ್ ಲೆಕ್ಕಾಚಾರವಾಗಿದ್ದರೆ ಥ್ರೆಡ್‌ನಿಂದಲೂ ಪೂರ್ತಿ ಬಿಡುಗಡೆ ಸಿಗಲ್ಲ. ಸಾಮಾನ್ಯ ಸಿಪೈಥಾನ್‌ನಲ್ಲಿ, ಅಂದರೆ ಹೆಚ್ಚಿನವರು ಬಳಸುವ ಪೈಥಾನ್‌ನಲ್ಲಿ, ಜಿಐಎಲ್ ಅನ್ನುವ ಒಂದು ಲಾಕ್ ಇರೋದರಿಂದ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಆಗ ಪ್ರೊಸೆಸ್ ಪೂಲ್ ಬಳಸಿ, ಲೆಕ್ಕ ಬೇರೆ ಪ್ರೊಸೆಸ್‌ನಲ್ಲಿ ನಡೆಯಲಿ.

ಪ್ರಶ್ನೆ: ಲೈವ್ ಸ್ಕೋರ್ ಥರದ ಅಪ್‌ಡೇಟ್‌ಗಳನ್ನು ಎಲ್ಲ ಕ್ಲೈಂಟ್‌ಗಳಿಗೂ ಕಳಿಸುವ ಸರ್ವರ್. ಶುರುವಿನಲ್ಲಿ ಮೆಮೊರಿ ಕಡಿಮೆ, ಬರ್ತಾ ಬರ್ತಾ ಏರುತ್ತಾ ಹೋಗಿ ಕೊನೆಗೆ ಪ್ರೊಸೆಸ್ಸೇ ಸಾಯುತ್ತದೆ. ಯಾವ ಲಿಸ್ಟಿನಲ್ಲೂ ನಾನು ಡೇಟಾ ಕೂಡಿಟ್ಟಿಲ್ಲ. ಡ್ರೇನ್ ಹಾಕಿ ಅಂತ ಒಬ್ಬರು ಹೇಳಿದರು, ಹಾಕಿದೆ. ಮೆಮೊರಿ ನಿಂತಿತು, ಆದರೆ ಈಗ ಎಲ್ಲರಿಗೂ ಅಪ್‌ಡೇಟ್ ತಡವಾಗಿ ಹೋಗುತ್ತಿದೆ.

ಉತ್ತರ: ಒಳ್ಳೆ ಪ್ರಶ್ನೆ. ಈ ಎರಡು ಹಂತವನ್ನೂ ದಾಟಿದವರಿಗೇ ಇದು ಸರಿಯಾಗಿ ಅರ್ಥವಾಗೋದು.

ನೀವು ಕೂಡಿಟ್ಟಿಲ್ಲ, ಲೈಬ್ರರಿ ಕೂಡಿಟ್ಟಿದೆ. ರೈಟ್ ಕರೆದಾಗ ಅದು ಕೈಲಾದಷ್ಟನ್ನು ಸಾಕೆಟ್‌ಗೆ ಕೊಟ್ಟು, ಉಳಿದದ್ದನ್ನು ತನ್ನ ಬಫರ್‌ನಲ್ಲಿ ಇಟ್ಟುಕೊಂಡು ತಕ್ಷಣ ವಾಪಸ್ ಬರುತ್ತದೆ. ಆ ಕಡೆ ಯಾರೋ ಒಬ್ಬರ ನೆಟ್‌ವರ್ಕ್ ನಿಧಾನ. ಅವರ ಟಿಸಿಪಿ "ಸದ್ಯಕ್ಕೆ ಕಳಿಸಬೇಡ, ಜಾಗ ಇಲ್ಲ" ಅನ್ನುತ್ತಿದೆ. ನೀವು ಮಾತ್ರ ಸೆಕೆಂಡಿಗೆ ಹತ್ತು ಸಲ ರೈಟ್ ಮಾಡುತ್ತಲೇ ಇದ್ದೀರಿ. ಬಫರ್ ಬೆಳೆಯದೆ ಇನ್ನೇನು ಮಾಡೀತು?

ಡ್ರೇನ್ ಅನ್ನೋದು ಇದಕ್ಕೆ ಇಟ್ಟ ಅಣೆ. ಬಫರು ಮೇಲ್ಗೆರೆ ದಾಟಿದ್ದರೆ, ಅಂದರೆ ಸಾಮಾನ್ಯವಾಗಿ 64 ಕೆಬಿ, ಅದು ಕೆಳಗೆರೆಗೆ ಇಳಿಯುವ ತನಕ ಡ್ರೇನ್ ಕಾಯಿಸುತ್ತದೆ. ಮೇಲ್ಗೆರೆ ದಾಟಿಲ್ಲದಿದ್ದರೆ ಕಾಯಿಸಲ್ಲ. ಒಬ್ಬನ ಜೊತೆ ಮಾತಾಡುವ ಟಾಸ್ಕ್‌ನಲ್ಲಿ ಇಷ್ಟೇ ಸಾಕು. ನೀವು ಮಾಡಿದ್ದು ಎಲ್ಲ ಕ್ಲೈಂಟ್‌ಗಳ ಮೇಲೆ ಒಂದೇ ಲೂಪ್, ಪ್ರತಿಯೊಬ್ಬರಿಗೂ ರೈಟ್, ಆಮೇಲೆ ಡ್ರೇನ್. ಮೂರನೆಯವನ ನೆಟ್‌ವರ್ಕ್ ನಿಧಾನವಾದರೆ ನಾಲ್ಕನೆಯವನಿಂದ ಕೊನೆಯವನ ತನಕ ಎಲ್ಲರೂ ಅವನಿಗೋಸ್ಕರ ಕಾಯುತ್ತಾರೆ.

ಹೀಗೆ ಮಾಡಿ. ಪ್ರತಿ ಕ್ಲೈಂಟ್‌ಗೂ ಒಂದು ಕ್ಯೂ ಕೊಡಿ, ಅದರ ಗಾತ್ರಕ್ಕೆ ಮಿತಿ ಇರಲಿ, ನೂರು ಅಂತಿಟ್ಟುಕೊಳ್ಳಿ. ಪ್ರತಿ ಕ್ಲೈಂಟ್‌ಗೂ ಒಂದು ಬರೆಯುವ ಟಾಸ್ಕ್, ಅದರ ಕೆಲಸ ತನ್ನ ಕ್ಯೂನಿಂದ ತೆಗೆದು ರೈಟ್ ಮಾಡಿ ಡ್ರೇನ್ ಮಾಡೋದು ಮಾತ್ರ. ಎಲ್ಲರಿಗೂ ಕಳಿಸುವ ಫಂಕ್ಷನ್ ಯಾವ ಸಾಕೆಟ್‌ನ್ನೂ ಮುಟ್ಟಲ್ಲ, ಪುಟ್-ನೋವೇಟ್ ಮೂಲಕ ಎಲ್ಲರ ಕ್ಯೂಗೂ ಹಾಕಿ ಮುಂದೆ ಹೋಗುತ್ತದೆ. ನಿಧಾನದವನು ತನ್ನ ಕ್ಯೂನಲ್ಲಿ ತಾನೇ ಹಿಂದೆ ಬೀಳುತ್ತಾನೆ, ಬೇರೆಯವರಿಗೆ ಗೊತ್ತೂ ಆಗಲ್ಲ.

ಅವನ ಕ್ಯೂ ತುಂಬಿದಾಗ ಏನು ಮಾಡಬೇಕು? ಇದನ್ನು ಯಾವ ಲೈಬ್ರರಿಯೂ ನಿಮಗೋಸ್ಕರ ತೀರ್ಮಾನ ಮಾಡಲಾರದು, ಡೇಟಾ ಎಂಥದ್ದು ಅಂತ ಗೊತ್ತಿರೋದು ನಿಮಗೆ. ಸ್ಕೋರ್ ಆದರೆ ಹಳೆಯದನ್ನು ಎಸೆದು ಹೊಸದನ್ನು ಇಡಿ, ಹತ್ತು ನಿಮಿಷ ಹಿಂದಿನ ಸ್ಕೋರ್ ಯಾರಿಗೆ ಬೇಕು. ಚಾಟ್ ಆದರೆ ನಡುವಿನ ಮಾತು ಕಳೆಯುವ ಹಾಗಿಲ್ಲ, ಆ ಕನೆಕ್ಷನ್ ಮುಚ್ಚಿ, ಅವನು ಮತ್ತೆ ಕನೆಕ್ಟ್ ಆದಾಗ ತಪ್ಪಿದ ಮೆಸೇಜುಗಳನ್ನು ಸ್ಟೋರ್‌ನಿಂದ ಕೊಡಿ. ಹಣಕಾಸಿನ ಲೆಕ್ಕವಾದರೆ ಎಸೆಯೋ ಮಾತೇ ಇಲ್ಲ. ಕ್ಯೂಗೆ ಮಿತಿ ಇಡದೆ ಬಿಡೋದು ಮಾತ್ರ ಯಾವುದಕ್ಕೂ ಸರಿಯಲ್ಲ. ಮೆಮೊರಿ ತುಂಬಿದಾಗ ಸಾಯೋದು ನಿಧಾನದವನೊಬ್ಬನೇ ಅಲ್ಲ, ಎಲ್ಲರೂ.

ಪ್ರಶ್ನೆ: ಕ್ರಿಯೇಟ್-ಟಾಸ್ಕ್ ಮಾಡಿ ಬಿಟ್ಟ ಟಾಸ್ಕ್ ಅಪರೂಪಕ್ಕೊಮ್ಮೆ ಅರ್ಧದಲ್ಲೇ ಮಾಯ. ಎರರೂ ಇಲ್ಲ. ಯಾಕಿರಬಹುದು?

ಉತ್ತರ: ಅದರ ರೆಫರೆನ್ಸನ್ನು ನೀವು ಎಲ್ಲೂ ಇಟ್ಟುಕೊಂಡಿಲ್ಲ. ಈವೆಂಟ್ ಲೂಪ್ ಟಾಸ್ಕ್‌ಗಳಿಗೆ ವೀಕ್ ರೆಫರೆನ್ಸ್ ಮಾತ್ರ ಇಟ್ಟುಕೊಳ್ಳುತ್ತದೆ, ಅದು ಟಾಸ್ಕನ್ನು ಬದುಕಿಸಿಡಲ್ಲ, ಹಾಗಾಗಿ ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಟಾಸ್ಕನ್ನು ನಡುವೆಯೇ ಗುಡಿಸಿ ಹಾಕಬಹುದು. ಒಂದು ಸೆಟ್‌ನಲ್ಲಿ ಇಟ್ಟು, ಮುಗಿದ ಮೇಲೆ ತೆಗೆಯಿರಿ. ಪೈಥಾನ್ 3.11 ಅಥವಾ ಅದಕ್ಕಿಂತ ಹೊಸದಿದ್ದರೆ ಟಾಸ್ಕ್ ಗ್ರೂಪ್ ಬಳಸಿ. ಅದರಲ್ಲಿ ಒಂದು ಟಾಸ್ಕ್ ಎರರ್‌ನಿಂದ ಬಿದ್ದರೆ ಉಳಿದವನ್ನೂ ರದ್ದು ಮಾಡಿ, ಎರರನ್ನು ನಿಮ್ಮ ಕೈಗೆ ಕೊಡುತ್ತದೆ. ಓದುವ ಟಾಸ್ಕ್, ಬರೆಯುವ ಟಾಸ್ಕ್ ಎರಡನ್ನೂ ಒಂದೇ ಗ್ರೂಪಿನಲ್ಲಿ ಹಾಕಿ, ಆದರೆ ಒಂದು ಎಚ್ಚರ: ಕ್ಲೈಂಟ್ ಹೋದ ಅಂತ ಓದುವ ಟಾಸ್ಕ್ ಸುಮ್ನೆ ರಿಟರ್ನ್ ಆದರೆ ಗ್ರೂಪ್ ಇನ್ನೊಂದನ್ನು ರದ್ದು ಮಾಡಲ್ಲ, ಅದು ಕ್ಯೂ ಮುಂದೆ ಕಾಯುತ್ತಲೇ ಇರುತ್ತದೆ. ಬರೆಯುವ ಟಾಸ್ಕನ್ನು ನೀವೇ ಕ್ಯಾನ್ಸಲ್ ಮಾಡಬೇಕು.

ಪ್ರಶ್ನೆ: ಕ್ಲೈಂಟ್ ಕಡೆ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿದೆ. ಅರ್ಧ ಗಂಟೆ ಆದರೂ ಸರ್ವರ್‌ನ ಪಟ್ಟಿಯಲ್ಲಿ ಅವನು "ಆನ್‌ಲೈನ್". ಕ್ಲೈಂಟ್ ಪ್ರೋಗ್ರಾಮ್ ಮುಚ್ಚಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಉತ್ತರ: ಪ್ರೋಗ್ರಾಮ್ ಮುಚ್ಚಿದಾಗ ಆ ಕಡೆಯ ಆಪರೇಟಿಂಗ್ ಸಿಸ್ಟಂ "ಮುಗಿಯಿತು" ಅಂತ ಒಂದು ಪ್ಯಾಕೆಟ್ ಕಳಿಸುತ್ತದೆ. ಕೇಬಲ್ ಕಿತ್ತರೆ ಕಳಿಸೋದು ಹೇಗೆ? ಎರಡೂ ಕಡೆ ಸುಮ್ಮನಿದ್ದಾಗ ಟಿಸಿಪಿ ಒಂದು ಬೈಟನ್ನೂ ಓಡಾಡಿಸಲ್ಲ, ಆದ್ದರಿಂದ ಮೌನವಾಗಿರುವ ಗೆಳೆಯನಿಗೂ ಸತ್ತ ಕನೆಕ್ಷನ್‌ಗೂ ವ್ಯತ್ಯಾಸ ಅದಕ್ಕೆ ತಿಳಿಯಲ್ಲ.

ಕೀಪ್‌ಅಲೈವ್ ಅಂತ ಒಂದು ಆಯ್ಕೆ ಇದೆ. ಆನ್ ಮಾಡಿದರೂ ಲಿನಕ್ಸ್‌ನ ಮೂಲ ಸೆಟ್ಟಿಂಗ್ ಪ್ರಕಾರ 7200 ಸೆಕೆಂಡ್, ಅಂದರೆ 2 ಗಂಟೆ ಸುಮ್ಮನಿದ್ದ ಮೇಲೆ ಮೊದಲ ವಿಚಾರಣೆ. ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ ಕೇಳಿ ಕೈಬಿಡುತ್ತದೆ. ನೀವು ಏನಾದರೂ ಕಳಿಸುತ್ತಿದ್ದರೂ ಅಷ್ಟೇ, ಉತ್ತರ ಬಾರದೆ ಮತ್ತೆ ಮತ್ತೆ ಕಳಿಸಿ ಸೋಲು ಒಪ್ಪಿಕೊಳ್ಳಲು ಲಿನಕ್ಸ್‌ಗೆ ಸಾಮಾನ್ಯವಾಗಿ 15 ನಿಮಿಷದ ಹತ್ತಿರ ಬೇಕು.

ಹಾಗಾಗಿ ನಿಮ್ಮ ಪ್ರೋಟೋಕಾಲ್‌ನಲ್ಲೇ ಪಿಂಗ್ ಇಡಿ. ಕ್ಲೈಂಟ್ 20 ಸೆಕೆಂಡಿಗೊಮ್ಮೆ ಒಂದು ಪುಟ್ಟ ಮೆಸೇಜ್ ಕಳಿಸಲಿ. ಸರ್ವರ್‌ನಲ್ಲಿ ಓದುವ ಜಾಗವನ್ನು ಅಸಿಂಕ್‌ಐಓದ ಟೈಮೌಟ್ ಒಳಗೆ ಹಾಕಿ, 60 ಸೆಕೆಂಡ್ ಏನೂ ಬರಲಿಲ್ಲ ಅಂದರೆ ಮುಚ್ಚಿ. ಪೈಥಾನ್ ಹಳೆಯದಾದರೆ ವೇಟ್-ಫಾರ್ ಇದೆ. ನಡುವಿನ ರೌಟರ್‌ಗಳು ಬಹಳ ಹೊತ್ತು ಸುಮ್ಮನಿರುವ ಕನೆಕ್ಷನ್‌ಗಳನ್ನು ತಾವಾಗೇ ಮರೆತುಬಿಡುತ್ತವೆ, ಪಿಂಗ್‌ನಿಂದ ಅದೂ ತಪ್ಪುತ್ತದೆ. ನೆಟ್‌ವರ್ಕ್ ಮೇಲೆ ಕಾಯುವ ಯಾವ ಅವೇಟೂ ಕಾಲಮಿತಿ ಇಲ್ಲದೆ ಇರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಲಾಗಿನ್ ಆಗಲೆಂದು ಕಾಯೋದಕ್ಕೂ ಮಿತಿ ಇರಲಿ.

ಪ್ರಶ್ನೆ: ಸಿ ಪ್ಲಸ್ ಪ್ಲಸ್‌ನಲ್ಲಿ ಬೂಸ್ಟ್ ಏಸಿಯೋ ಬಳಸುತ್ತಿದ್ದೇನೆ. ಮೂರು ತೊಂದರೆ. ಒಂದು, ರನ್ ಕರೆದ ತಕ್ಷಣ ವಾಪಸ್ ಬಂದು ಪ್ರೋಗ್ರಾಮ್ ಮುಗಿಯುತ್ತದೆ. ಎರಡು, ಕ್ಲೈಂಟ್ ಬಿಟ್ಟು ಹೋದಾಗ ಕೆಲವೊಮ್ಮೆ ಕ್ರ್ಯಾಶ್. ಮೂರು, ಜಾಸ್ತಿ ಮೆಸೇಜ್ ಕಳಿಸಿದಾಗ ಒಂದರೊಳಗೆ ಇನ್ನೊಂದು ಸೇರಿಕೊಂಡು ಬರುತ್ತದೆ.

ಉತ್ತರ: ಕ್ರಿಸ್ಟೋಫರ್ ಕೋಲ್‌ಹಾಫ್ ಬರೆದ ಈ ಲೈಬ್ರರಿ 2008ರಲ್ಲಿ ಬೂಸ್ಟ್ 1.35ರ ಜೊತೆ ಬಂದಾಗಿನಿಂದ ಹೊಸಬರನ್ನು ಕಾಡುತ್ತಿರೋದು ಸುಮಾರಾಗಿ ಇವೇ.

ರನ್‌ಗೆ ಮಾಡಲು ಕೆಲಸ ಇಲ್ಲದಿದ್ದರೆ ವಾಪಸ್ ಬರೋದು ಅದರ ಸ್ವಭಾವ. ಮೊದಲ ಅಸಿಂಕ್-ಅಕ್ಸೆಪ್ಟ್ ಕರೆಯನ್ನು ರನ್‌ಗಿಂತ ಮುಂಚೆ ಹಾಕಿ, ಅದರ ಹ್ಯಾಂಡ್ಲರ್‌ನಲ್ಲಿ, ಅಂದರೆ ಕೆಲಸ ಮುಗಿದಾಗ ಲೈಬ್ರರಿ ಕರೆಯುವ ನಿಮ್ಮ ಫಂಕ್ಷನ್‌ನಲ್ಲಿ, ಮುಂದಿನ ಅಕ್ಸೆಪ್ಟ್ ಮತ್ತೆ ಹಾಕಿ. ಆಮೇಲೆ ಕೆಲಸ ಬರಲಿದೆ ಅಂತಾದರೆ ಅಲ್ಲಿಯ ತನಕ ರನ್ ವಾಪಸ್ ಬರದಂತೆ ತಡೆಯುವ ವರ್ಕ್ ಗಾರ್ಡ್ ಬಳಸಿ.

ಕ್ರ್ಯಾಶ್ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಅಸಿಂಕ್-ರೀಡ್ ಕರೆದಾಗ ಅದು ನಿಮ್ಮ ಬಫರನ್ನು ನಕಲು ಮಾಡಿಕೊಳ್ಳಲ್ಲ, ಅದರ ವಿಳಾಸ ಮಾತ್ರ ಇಟ್ಟುಕೊಳ್ಳುತ್ತದೆ. ಹ್ಯಾಂಡ್ಲರ್ ಕರೆಯುವ ತನಕ ಬಫರೂ, ಸಾಕೆಟ್ ಇರುವ ಆಬ್ಜೆಕ್ಟೂ ಬದುಕಿರಬೇಕು. ಬಫರ್ ಫಂಕ್ಷನ್‌ನ ಒಳಗಿನ ಲೋಕಲ್ ವೇರಿಯಬಲ್ ಆಗಿದ್ದರೆ ಫಂಕ್ಷನ್ ಮುಗಿದ ಕೂಡಲೇ ಅದರ ಜಾಗ ಬೇರೆಯವರದ್ದು. ಸಾಕೆಟ್ ಮುಚ್ಚಿದರೂ ಬಾಕಿ ಇದ್ದ ಹ್ಯಾಂಡ್ಲರ್ ರದ್ದಾಯಿತು ಅನ್ನುವ ಎರರ್ ಹಿಡಿದು ಬಂದೇ ಬರುತ್ತದೆ, ಅಷ್ಟರಲ್ಲಿ ನೀವು ಸೆಷನ್ (ಆ ಕ್ಲೈಂಟ್‌ನ ಆಬ್ಜೆಕ್ಟ್) ಡಿಲೀಟ್ ಮಾಡಿದ್ದರೆ ಸತ್ತ ಆಬ್ಜೆಕ್ಟ್ ಮೇಲೆ ಓಡುತ್ತದೆ. ಸೆಷನ್ ಕ್ಲಾಸನ್ನು ಶೇರ್ಡ್ ಪಾಯಿಂಟರ್‌ನಲ್ಲಿ ಇಡಿ, ಬಫರನ್ನು ಅದರ ಮೆಂಬರ್ ಮಾಡಿ, ಪ್ರತಿ ಲ್ಯಾಂಬ್ಡಾದಲ್ಲೂ ಶೇರ್ಡ್-ಫ್ರಂ-ದಿಸ್ ಕೊಟ್ಟ ಪಾಯಿಂಟರನ್ನು ಹಿಡಿದಿಟ್ಟುಕೊಳ್ಳಿ. ಕೊನೆಯ ಹ್ಯಾಂಡ್ಲರ್ ಮುಗಿದಾಗ ಸೆಷನ್ ತಾನಾಗೇ ಹೋಗುತ್ತದೆ.

ಮೂರನೆಯದು, ಒಂದೇ ಸಾಕೆಟ್ ಮೇಲೆ ಒಂದು ಅಸಿಂಕ್-ರೈಟ್ ಮುಗಿಯುವ ಮುಂಚೆ ಇನ್ನೊಂದನ್ನು ಶುರು ಮಾಡಬಾರದು. ಅದು ಒಳಗೆ ಹಲವು ತುಂಡುಗಳಲ್ಲಿ ಬರೆಯುತ್ತದೆ, ಎರಡು ಒಟ್ಟಿಗೆ ಇದ್ದರೆ ತುಂಡುಗಳು ಬೆರೆಯುತ್ತವೆ. ಸೆಷನ್‌ನಲ್ಲಿ ಒಂದು ಡೆಕ್, ಅಂದರೆ ಎರಡೂ ತುದಿಯಿಂದ ಹಾಕಿ ತೆಗೆಯಬಲ್ಲ ಸಾಲು, ಇಡಿ, ಹೊಸ ಮೆಸೇಜನ್ನು ಹಿಂದೆ ಸೇರಿಸಿ, ಮೊದಲು ಖಾಲಿ ಇದ್ದರೆ ಮಾತ್ರ ಬರೆಯಲು ಶುರು ಮಾಡಿ, ಹ್ಯಾಂಡ್ಲರ್‌ನಲ್ಲಿ ಮುಂದಿನದನ್ನು ತೆಗೆಯಿರಿ. ಹಲವು ಥ್ರೆಡ್‌ಗಳಿಂದ ರನ್ ಕರೆದಿದ್ದರೆ ಹ್ಯಾಂಡ್ಲರ್‌ಗಳನ್ನು ಒಂದಾದ ಮೇಲೊಂದರಂತೆ ಓಡಿಸುವ ಸ್ಟ್ರ್ಯಾಂಡ್ ಸೆಷನ್‌ಗೊಂದು ಬೇಕು, ಇಲ್ಲದಿದ್ದರೆ ಆ ಡೆಕ್ಕೇ ಕೆಡುತ್ತದೆ. ಸಿ ಪ್ಲಸ್ ಪ್ಲಸ್ 20 ಸಿಗುವುದಾದರೆ ನಡುವೆ ನಿಂತು ಅಲ್ಲಿಂದಲೇ ಮುಂದುವರಿಯಬಲ್ಲ ಕೊರೂಟೀನ್ ರೂಪದಲ್ಲಿ ಬರೆಯಿರಿ, ಕೋಡ್ ಮೇಲಿಂದ ಕೆಳಗೆ ನೇರವಾಗಿ ಓದಿಸಿಕೊಂಡು ಹೋಗುತ್ತದೆ.

ಪ್ರಶ್ನೆ: ಅಸಿಂಕ್‌ಐಓ, ಟ್ವಿಸ್ಟೆಡ್, ಏಸಿಯೋ, ಟೋಕಿಯೋ, ನೆಟ್ಟಿ... ಯಾವುದನ್ನು ಕಲಿಯಲಿ?

ಉತ್ತರ: ನಿಮಗೆ ಈಗಾಗಲೇ ಬರುವ ಭಾಷೆಯದ್ದನ್ನು. ಪೈಥಾನ್ ಬಂದರೆ ಅಸಿಂಕ್‌ಐಓ, ರಸ್ಟ್ ಬಂದರೆ ಟೋಕಿಯೋ, ಜಾವಾ ಬಂದರೆ ನೆಟ್ಟಿ. ಟ್ವಿಸ್ಟೆಡ್ ಪೈಥಾನ್‌ನಲ್ಲಿ 2002ರಿಂದ ಇದೆ, ಅಸಿಂಕ್‌ಐಓ 2014ರಲ್ಲಿ ಪೈಥಾನ್ 3.4ರ ಜೊತೆ ಬಂದಿದ್ದು, ಅದರ ಪ್ರೋಟೋಕಾಲ್, ಟ್ರಾನ್ಸ್‌ಪೋರ್ಟ್ ಅನ್ನುವ ವಿಂಗಡಣೆ ಟ್ವಿಸ್ಟೆಡ್‌ನಲ್ಲಿ ಮೊದಲೇ ಇತ್ತು. ಒಂದು ಸರಿಯಾಗಿ ಕಲಿತರೆ ಇನ್ನೊಂದರಲ್ಲಿ ಹೆಸರುಗಳನ್ನು ಹುಡುಕೋದಷ್ಟೇ ಬಾಕಿ.

ಪ್ರಶ್ನೆ: ಇಂಥ ಸರ್ವರನ್ನು ಟೆಸ್ಟ್ ಮಾಡೋದು ಹೇಗೆ? ನಾನು ಮಾಡಿದಾಗ ಎಲ್ಲ ಸರಿ ಇರುತ್ತದೆ, ಜನ ಬಳಸಿದಾಗ ಕೆಡುತ್ತದೆ.

ಉತ್ತರ: ನೀವು ಬರೆದ ಒಳ್ಳೆಯ ಕ್ಲೈಂಟ್‌ನಿಂದ ಟೆಸ್ಟ್ ಮಾಡುತ್ತಿದ್ದೀರಿ, ಅದಕ್ಕೇ. ಬೇಕಂತಲೇ ಕೆಟ್ಟ ಕ್ಲೈಂಟ್‌ಗಳನ್ನು ಬರೆಯಿರಿ, ಒಂದೊಂದೂ ಹತ್ತಿಪ್ಪತ್ತು ಸಾಲು ಆದೀತು. ಒಂದು, ಮೆಸೇಜನ್ನು ಒಂದೊಂದೇ ಬೈಟ್ ಆಗಿ, ನಡುವೆ ಸ್ವಲ್ಪ ಬಿಟ್ಟು ಬಿಟ್ಟು ಕಳಿಸಲಿ. ಫ್ರೇಮಿಂಗ್, ಅಂದರೆ ಮೆಸೇಜಿನ ಗಡಿ ಹಾಕಿದ ರೀತಿ, ತಪ್ಪಿದ್ದರೆ ಮೊದಲ ಓಟದಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ಮೂರು ಮೆಸೇಜನ್ನು ಒಂದೇ ರೈಟ್‌ನಲ್ಲಿ ಕಳಿಸಲಿ. ಇನ್ನೊಂದು ಕನೆಕ್ಟ್ ಆಗಿ ಏನನ್ನೂ ಓದದೆ ಕೂರಲಿ, ಆಗ ಸರ್ವರ್ ಮೆಮೊರಿ ಏರುತ್ತಾ ಅಂತ ನೋಡಿ. ಇನ್ನೊಂದು ಉದ್ದ ಕಳಿಸಿ, ಮೆಸೇಜು ಕಳಿಸದೆ ಮಾಯವಾಗಲಿ. ಕೊನೆಗೆ ಎರಡು ಸಾವಿರ ಕನೆಕ್ಷನ್ ಒಟ್ಟಿಗೆ ತೆರೆಯಿರಿ. ಬಹುಶಃ ಸಾವಿರದ ಆಸುಪಾಸಿನಲ್ಲಿ "ತೆರೆದ ಫೈಲ್‌ಗಳು ಜಾಸ್ತಿಯಾದವು" ಅನ್ನುವ ಎರರ್ ಬರುತ್ತದೆ, ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್‌ಗೆ ಸಾಮಾನ್ಯವಾಗಿ 1024 ಫೈಲ್ ಡಿಸ್ಕ್ರಿಪ್ಟರ್ ಮಿತಿ ಇರುತ್ತದೆ, ಪ್ರತಿ ಕನೆಕ್ಷನ್‌ಗೂ ಅದರಲ್ಲಿ ಒಂದು ಖರ್ಚಾಗುತ್ತದೆ. ಯುಲಿಮಿಟ್‌ನಲ್ಲಿ ಅದನ್ನು ಏರಿಸಿ. ಅದೇ ಕಂಪ್ಯೂಟರ್‌ನಿಂದ ಟೆಸ್ಟ್ ಕ್ಲೈಂಟ್ ಓಡಿಸುತ್ತಿದ್ದರೆ ಅದಕ್ಕೂ ಏರಿಸಬೇಕು, ಇಲ್ಲದಿದ್ದರೆ ಕ್ಲೈಂಟ್ ಬಿದ್ದಿದ್ದನ್ನು ಸರ್ವರ್ ಬಿತ್ತು ಅಂತ ತಿಳಿದು ಸುಮ್ನೆ ಹುಡುಕುತ್ತಾ ಕೂರಬೇಕಾಗುತ್ತದೆ.